ಗರಡಿಯ ಮಣ್ಣು, ಬಲಿಲ್ಲಾ ಬಂದೂಕು



ಮಲ್ಲಸಮುದ್ರವೆಂಬ ಈ ಊರಿನ ಹೆಸರಿನಲ್ಲಿಯೇ ಮಲ್ಲನೊಬ್ಬನು ನಿಂತಿರುವನು; ಅವನು ಶ್ರೀಶೈಲದ ಮಲ್ಲಯ್ಯನೋ ಅಖಾಡದ ಜಟ್ಟಿಯೋ ಎಂಬುದನ್ನು ಶಾಸನ ಬಲ್ಲವರಿಗೆ ಬಿಟ್ಟು, ಆ ಹೆಸರಿನ ನೆವದಿಂದ ನನ್ನ ಮಾತನ್ನು ಗರಡಿಮನೆಯಿಂದಲೇ ಆರಂಭಿಸುವೆನು. ಈ ಎರೆನಾಡಿಗೆ ಬೇರೆಡೆಯಿಂದ ಹೇರಿ ತಂದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಕುಡಿಸಿ ಹದಮಾಡಿದ ಕೆಮ್ಮಣ್ಣು. ಮೂಲೆಯ ಹನುಮಪ್ಪನ ಮುಂದೊಂದು ಹಣತೆ. ತಲೆ ಬಗ್ಗಿಸದವನನ್ನು ಒಳಗೆ ಬಿಡದ ಗಿಡ್ಡ ಬಾಗಿಲು. ಹತ್ತು ವರ್ಷದ ಹುಡುಗನಾಗಿ ನಾನು ಆ ಬಾಗಿಲನ್ನು ದಾಟಿದಾಗ, ನಮ್ಮ ವಸ್ತಾದರು ಮೊದಲ ತಿಂಗಳೆಲ್ಲ ಒಂದು ಪಟ್ಟನ್ನೂ ಹೇಳಿಕೊಡದೆ, ಬೀಳುವುದನ್ನಷ್ಟೇ ಕಲಿಸಿದರು. ಆಮೇಲೆಯೂ, ಜೋಡಿಯವನ ಮೈಗೆ ಒಂದು ಹಿಡಿ ಮಣ್ಣುಜ್ಜಿ, ಅವನಿಂದ ಉಜ್ಜಿಸಿಕೊಂಡು, ಕೈಗೆ ಕೈ ತಾಗಿಸಿದ ಮೇಲಲ್ಲದೆ ಸಾಮು ನಡೆಯುವಂತಿರಲಿಲ್ಲ.

ಅಂಥದೇ ಹುಡುಗನು ಇಟಲಿಯಲ್ಲಿ ಜನಿಸಿದ್ದರೆ ಅವನ ಕೈಗೆ ಮಣ್ಣಿನ ಬದಲು ಬಂದೂಕು ಬರುತ್ತಿದ್ದಿತು. 1926ರಲ್ಲಿ ಮುಸೊಲಿನಿಯ ಸರಕಾರವು ಸ್ಥಾಪಿಸಿದ ಬಲಿಲ್ಲಾ ಸಂಸ್ಥೆಯು ಎಂಟರಿಂದ ಹದಿನಾಲ್ಕರವರೆಗಿನ ಬಾಲಕರಿಗೆ ಕಪ್ಪಂಗಿ ತೊಡಿಸಿ, ಅವರ ಎಳೆಯ ಹೆಗಲಿನ ಅಳತೆಗೆಂದೇ ಕಿರಿದುಗೊಳಿಸಿದ ಬಂದೂಕನ್ನು ಕೊಟ್ಟು, ನಂಬು, ವಿಧೇಯನಾಗು, ಹೋರಾಡು ಎಂಬ ಮೂರು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸಿತು. ಕೇಳು ಎಂಬ ನಾಲ್ಕನೆಯದು ಆ ವ್ಯಾಕರಣದಲ್ಲಿ ಇರಲಿಲ್ಲ. ಬಲಿಲ್ಲಾ ಎಂಬುದು, 1746ರಲ್ಲಿ ಜಿನೋವಾ ನಗರವನ್ನು ಆಕ್ರಮಿಸಿದ್ದ ಆಸ್ಟ್ರಿಯದ ಸೈನಿಕರತ್ತ ಕಲ್ಲೆಸೆದನೆಂದು ಪ್ರತೀತಿಯಿರುವ ಹುಡುಗನ ಅಡ್ಡಹೆಸರು. ಪರದಂಡಿಗೆ ಕಲ್ಲೆಸೆದವನ ಹೆಸರನ್ನು ಹೊತ್ತ ಮಕ್ಕಳಿಂದಲೇ, 1935ರಲ್ಲಿ ಇಥಿಯೋಪಿಯದ ಮೇಲೆ ದಂಡೆತ್ತಿಹೋದ ಸೈನ್ಯಕ್ಕೆ ಜಯಕಾರ ಹೇಳಿಸಲಾಯಿತೆಂಬುದನ್ನು ನೆನೆದರೆ, ನಗುವುದೋ ಅಳುವುದೋ ತಿಳಿಯದು.

ಜರ್ಮನಿಯಲ್ಲಿ ಕೆಲಸವು ಇನ್ನೂ ಅಚ್ಚುಕಟ್ಟಾಗಿ ನಡೆಯಿತು. 1936ರ ಡಿಸೆಂಬರಿನ ಕಾಯಿದೆಯು ಆ ದೇಶದ ಸಮಸ್ತ ಬಾಲಕರನ್ನೂ ಹಿಟ್ಲರ್ ಯುವದಳದ ಪಾಲಿಗೆ ಬರೆಯಿತು. 1939ರಲ್ಲಿ ಅದರ ಸೇವೆಯು ಕಡ್ಡಾಯದ ಕರ್ತವ್ಯವೇ ಆಯಿತು. ಹುಡುಗರು ಬೇಟೆನಾಯಿಯ ವೇಗವನ್ನೂ ಚರ್ಮದ ಬಿಗುವನ್ನೂ ಉಕ್ಕಿನ ಕಾಠಿಣ್ಯವನ್ನೂ ಪಡೆಯಬೇಕೆಂದು ಹಿಟ್ಲರನು ನ್ಯೂರೆಂಬರ್ಗಿನಲ್ಲಿ ಸಾರಿದನು. ಮನುಷ್ಯನಿಗೆ ಆದರ್ಶವಾಗಿ ಒಂದು ಪ್ರಾಣಿಯನ್ನೂ ಎರಡು ಜಡಪದಾರ್ಥಗಳನ್ನೂ ತೋರಿದ ಈ ಉಪಮಾಲಂಕಾರವನ್ನು ನಮ್ಮ ಲಾಕ್ಷಣಿಕರು ಯಾವ ದೋಷದಲ್ಲಿ ಸೇರಿಸುತ್ತಿದ್ದರೋ! ಆದರೆ ಕವಾಯತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಮಕ್ಕಳ ಅಂಕಗಣಿತದ ಪುಸ್ತಕ. ಮನೋರೋಗಿಗಳ ಆಸ್ಪತ್ರೆಯೊಂದಕ್ಕೆ ಇಷ್ಟು ಲಕ್ಷ ಖರ್ಚಾದರೆ, ಒಂದು ಮನೆಗೆ ಇಷ್ಟು ಸಾವಿರದಂತೆ ಆ ಹಣದಲ್ಲಿ ಎಷ್ಟು ಮನೆಗಳನ್ನು ಕಟ್ಟಬಹುದಾಗಿತ್ತು ಎಂಬಂಥ ಲೆಕ್ಕಗಳು ಅದರಲ್ಲಿದ್ದುವು. ಭಾಗಾಕಾರವೇನೋ ಶುದ್ಧವಾಗಿಯೇ ಇದ್ದಿತು. 1939ರಲ್ಲಿ ಅಂಥ ರೋಗಿಗಳ ಹತ್ಯೆಗೆ ತೊಡಗಿದಾಗ, ಲೆಕ್ಕವನ್ನು ಶಾಲೆಯ ಮಕ್ಕಳು ಎಂದೋ ಬಿಡಿಸಿಟ್ಟಿದ್ದರು.

ಈ ಗಾಳಿ ನಮ್ಮ ಕಡೆಗೆ ಬೀಸಲೇ ಇಲ್ಲವೆನ್ನಲಾಗದು. ನಾಗಪುರದ ಡಾಕ್ಟರ್ ಬಿ. ಎಸ್. ಮೂಂಜೆಯವರು 1931ರ ಮಾರ್ಚಿನಲ್ಲಿ ರೋಮಿಗೆ ಹೋಗಿ, ಬಲಿಲ್ಲಾ ಶಿಬಿರಗಳನ್ನು ನೋಡಿ, ಮುಸೊಲಿನಿಯನ್ನು ಕಂಡು ಮೆಚ್ಚಿಬಂದರು. ಅವರ ಭೋಂಸಲಾ ಸೈನಿಕಶಾಲೆಯು 1937ರಲ್ಲಿ ನಾಸಿಕದಲ್ಲಿ ತೆರೆಯಿತು. ಆದರೆ ಅದಕ್ಕೂ ಮುಂಚೆಯೇ, ನಮಗೆ ಒಂದು ಹಗಲಿನ ಹಾದಿಯಾದ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಡಾಕ್ಟರರು ಕವಾಯತಿನ ಸೀಟಿಯನ್ನು ಊದಿದ್ದರು.

ನಾ. ಸು. ಹರ್ಡೀಕರರು ಅಮೆರಿಕದಲ್ಲಿ ವ್ಯಾಸಂಗ ಮಾಡಿ, ಅಲ್ಲಿಯೇ ಲಾಲಾ ಲಜಪತರಾಯರ ಬಳಿ ದುಡಿದು ಬಂದವರು. 1923ರಲ್ಲಿ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆಯ ಕಷ್ಟಕ್ಕೆ ಎದೆಗುಂದಿ ಎಷ್ಟೋ ಜನರು ಕ್ಷಮೆ ಬರೆದುಕೊಟ್ಟು ಹೊರಬಿದ್ದಾಗ, ಅವರೊಡನಿದ್ದ ಹುಬ್ಬಳ್ಳಿಯ ತಂಡವು ಬಗ್ಗಲಿಲ್ಲ. ದೇಹಕ್ಕೂ ಮನಸ್ಸಿಗೂ ಶಿಸ್ತು ಬೇಕೆಂಬುದು ಆಗ ಎಲ್ಲರ ಕಣ್ಣಿಗೂ ಕಂಡಿತು. ಅದೇ ವರ್ಷದ ಕೊನೆಗೆ ಕಾಕಿನಾಡಾ ಕಾಂಗ್ರೆಸ್ಸಿನಲ್ಲಿ ಹಿಂದೂಸ್ಥಾನಿ ಸೇವಾದಳವು ಹುಟ್ಟಿ, ಜವಾಹರಲಾಲರು ಅದರ ಮೊದಲ ಅಧ್ಯಕ್ಷರಾದರು. ಸಾಲು, ಸಮವಸ್ತ್ರ, ಆಜ್ಞೆ ಇವೆಲ್ಲ ಅಹಿಂಸೆಗೆ ಒಗ್ಗುವವೇ ಎಂದು ಕಾಂಗ್ರೆಸ್ಸಿಗರಲ್ಲಿಯೇ ಅನೇಕರು ಹುಬ್ಬು ಗಂಟಿಕ್ಕಿದರು. ಆ ಸಂಶಯವನ್ನು ನಾನು ತಳ್ಳಿಹಾಕಲಾರೆ. ಖಾದಿಯ ಚಡ್ಡಿ ಟೊಪ್ಪಿಗೆಗಳಲ್ಲಿ ಸಾಲುಗಟ್ಟಿ ನಿಂತ ದಳದ ಚಿತ್ರವನ್ನು ದೂರದಿಂದ ನೋಡಿದರೆ, ಬಲಿಲ್ಲಾ ಸಾಲಿಗೂ ಅದಕ್ಕೂ ಭೇದ ಕಾಣದು. ಭೇದವು ಕಂಡದ್ದು ಸಾಲು ಚದರಿದ ಮೇಲೆ: 1924ರ ಬೆಳಗಾವಿ ಅಧಿವೇಶನದಲ್ಲಿ ಅಲ್ಲಿಯ ಸ್ವಯಂಸೇವಕರು, ಮೇಲುಜಾತಿಯವರೆಂಬವರೂ ಸೇರಿ, ಪಾಯಖಾನೆಗಳನ್ನು ಬಳಿದರು. ಕಡಿಯುವುದಕ್ಕೆ ಹಿಗ್ಗುವ ಹುಡುಗರು ಎಲ್ಲ ದೇಶಗಳಲ್ಲಿಯೂ ಸಿಕ್ಕಾರು. ಬಳಿಯುವುದಕ್ಕೆ ಬೇಕಾಗುವ ಎದೆಯೇ ಬೇರೆ.

ಗರಡಿಯನ್ನು ನಾನು ಪುಣ್ಯಕ್ಷೇತ್ರವೆಂದು ಹೊಗಳಹೊರಟಿಲ್ಲ. ಹಾಲು ಬಾದಾಮಿ ಕೊಟ್ಟು ಪೈಲವಾನರನ್ನು ಸಾಕಿ, ತಮ್ಮ ಕಟ್ಲೆಗಳಿಗೆ ಅವರನ್ನು ಛೂ ಬಿಟ್ಟ ಸಾಹುಕಾರರ ಕಥೆಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಣ್ಣುಮಕ್ಕಳಿಗಂತೂ ಆ ಗಿಡ್ಡ ಬಾಗಿಲೂ ತೆರೆಯಲಿಲ್ಲ. ಅದನ್ನು ಸೇವಾದಳವು ತೆರೆಯಿತು: ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರು ಅದರ ಮಹಿಳಾ ವಿಭಾಗವನ್ನು ನಡೆಸಿದರು. ತಾಯ್ತನವೊಂದೇ ಹೆಣ್ಣಿನ ಸೈನಿಕಸೇವೆಯೆಂದು ಸಾರುತ್ತಿದ್ದ ರಾಜ್ಯಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. 1932ರಲ್ಲಿ ಆಂಗ್ಲ ಸರಕಾರವು ದಳವನ್ನು ನಿಷೇಧಿಸಿತು. ಕೋಲನ್ನೂ ಎತ್ತದ ಸಾಲಿಗೆ ಅದು ಅಂಜಿತ್ತೆಂದೇ ನನ್ನ ಎಣಿಕೆ.

1945ರ ಮಾರ್ಚಿನಲ್ಲಿ ತೆಗೆದ ಒಂದು ಚಲಚ್ಚಿತ್ರವುಂಟು. ಬರ್ಲಿನ್ನಿನ ತೋಟವೊಂದರಲ್ಲಿ ಯುವದಳದ ಹುಡುಗರು ಸಾಲಾಗಿ ನಿಂತಿದ್ದಾರೆ, ಹನ್ನೆರಡು ವರ್ಷದವನೊಬ್ಬನಿದ್ದಾನೆ. ಮೈಗೆ ದೊಡ್ಡದಾದ ಕೋಟು, ಎದೆಯಲ್ಲಿ ಪದಕ. ಮುದಿಯಾದ ಹಿಟ್ಲರನು ಒಬ್ಬೊಬ್ಬನ ಕೈ ಕುಲುಕುತ್ತ, ಕೆನ್ನೆ ತಟ್ಟುತ್ತ ಸಾಗುವನು. ಹುಡುಗರು ರೆಪ್ಪೆ ಬಡಿಯದೆ ನೋಡುವರು. ಬೀಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ನಮ್ಮ ವಸ್ತಾದರು ಸಂಜೆ ಹುಡುಗರೆಲ್ಲ ಹೋದ ಮೇಲೆ ಧೋತರ ಎತ್ತಿಕಟ್ಟಿ, ದಿನವಿಡೀ ತುಳಿದು ಗಟ್ಟಿಯಾದ ಮಣ್ಣನ್ನು ತಾವೇ ಸಲಿಕೆಯಿಂದ ಅಗೆದು ಸಡಿಲಿಸುತ್ತಿದ್ದರು. ಒಮ್ಮೆ ಸಲಿಕೆಗೆ ಕೈ ಚಾಚಿದ್ದೆ, ಕೊಡಲಿಲ್ಲ.