ಪ್ರಾಯ ಸಂದ ಮೇಲೆ ಗಗನವಿದ್ಯೆ



ಹಾನುಬಾಳಿನ ಸೀಮೆಯವರಿಗೆ ಮೋಡವೆಂಬುದು ಬರಿಯ ಆಕಾಶದ ವಸ್ತುವಲ್ಲ. ಮಳೆಗಾಲದಲ್ಲಿ ಅದು ಕಾಫಿಯ ತೋಟಕ್ಕೂ ಮನೆಯಂಗಳಕ್ಕೂ ಇಳಿದು ನಿಲ್ಲುವಂಥದು. ಆದುದರಿಂದ ಮೋಡದ ಮೇಲಕ್ಕೆ ಹಾರುವ ವಿದ್ಯೆಯ ಮಾತು ಇಲ್ಲಿಯವರಿಗೆ ತೀರ ಅನ್ಯವೆಂದು ತೋರಲಾರದು. ಐವತ್ತನ್ನು ಸಮೀಪಿಸಿದ ಗೃಹಸ್ಥನೊಬ್ಬನು ವಿಮಾನ ನಡೆಸುವುದನ್ನು ಕಲಿಯುವೆನೆಂದರೆ ಊರವರು ನಗುವರು, ಮನೆಯವರು ಅಳುವರು. ಈ ನಗೆಗೂ ಅಳುವಿಗೂ ಆಧಾರವೇನೆಂಬುದು ವಿಚಾರಾರ್ಹವಾದುದು.

ನಗೆಗೆ ಶಾಸನದ ಆಧಾರವಿಲ್ಲ. ಖಾಸಗಿ ವಿಮಾನ ಚಾಲಕನಾಗಲು 17 ವರ್ಷ ತುಂಬಿರಬೇಕೆಂದು ಭಾರತದ ನಿಬಂಧನೆಗಳು ವಿಧಿಸುತ್ತವೆಯೆ ಹೊರತು, ಇಷ್ಟು ವರ್ಷ ಮೀರಿರಬಾರದೆಂದು ಹೇಳುವುದಿಲ್ಲ. ಹಣ ಪಡೆದು ಪ್ರಯಾಣಿಕರನ್ನೊಯ್ಯುವವರಿಗೆ ಮಾತ್ರ 65ರ ಎಲ್ಲೆಯುಂಟು. ಖಾಸಗಿ ಲೈಸೆನ್ಸಿಗೆ ಕನಿಷ್ಠ 40 ಗಂಟೆಗಳ ಹಾರಾಟ, ವೃತ್ತಿಯ ಲೈಸೆನ್ಸಿಗೆ 200 ಗಂಟೆ. ಇದರೊಡನೆ ಹವೆ, ಯಂತ್ರ, ದಿಕ್ಕು, ನಿಯಮಗಳ ಪರೀಕ್ಷೆಗಳು. ಕಣ್ಣು, ಕಿವಿ, ಹೃದಯಗಳನ್ನು ವೈದ್ಯನು ಪರೀಕ್ಷಿಸುವನು; ವಯಸ್ಸು ಏರಿದಂತೆ ಈ ಪರೀಕ್ಷೆ ಹೆಚ್ಚು ಹೆಚ್ಚು ಸಲ ಬರುವುದು. ಅಲ್ಲಿ ವ್ಯಾಧಿಯನ್ನು ಮರೆಮಾಚುವವನು ತನ್ನ ಮನೆಯವರ ಕಣ್ಣೀರಿಗೆ ತಾನೇ ಕಾರಣನಾಗುವನು.

ನಿಜವಾದ ಕಷ್ಟವು ಬೇರೆಡೆ ಇದೆ. ವೇಗ ಕುಂದಿ ವಿಮಾನ ಕುಸಿಯತೊಡಗಿದಾಗ ಕೈಯು ತಾನಾಗಿ ಅದರ ಮೂತಿಯನ್ನು ಮೇಲೆತ್ತಲು ಹವಣಿಸುತ್ತದೆ. ಕೇಡು ಅದರಲ್ಲಿಯೇ ಇದೆ. ಎದುರುಗಾಳಿಗೆ ರೆಕ್ಕೆ ಒಡ್ಡಿದ ಕೋನವು ಮಿತಿಮೀರಿದುದರಿಂದಲೇ ಅದು ಎತ್ತುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮೂತಿಯನ್ನು ತಗ್ಗಿಸಿ, ವೇಗ ಪಡೆದು, ಆಮೇಲೆ ಏರಬೇಕು. ಬೀಳುತ್ತಿರುವಾಗ ಇನ್ನೂ ಕೆಳಕ್ಕೆ ಬಾಗು ಎಂದರೆ ಯಾರ ಮನಸ್ಸು ಒಪ್ಪೀತು? ಮೂವತ್ತು ವರ್ಷ ಆಳುಕಾಳುಗಳಿಗೆ ಅಪ್ಪಣೆ ಕೊಟ್ಟು ರೂಢಿಯಾದ ಯಜಮಾನನು, ತನ್ನ ಮಗನ ವಯಸ್ಸಿನ ಶಿಕ್ಷಕನಿಂದ ಇದನ್ನು ಹತ್ತು ಸಲ ಹೇಳಿಸಿಕೊಳ್ಳಬೇಕಾಗುವುದು. ಆದರೆ ಪ್ರಾಯ ಸಂದವನಿಗೆ ಒಂದು ಅನುಕೂಲವೂ ಉಂಟು. ಘಟ್ಟವನ್ನು ದಾಟಿದ ಗಾಳಿಯು ಇಳಿಯುವ ಬದಿಯಲ್ಲಿ ವಿಮಾನವನ್ನೂ ಅದುಮುತ್ತದೆ, ಕಣಿವೆಗೆ ಮಂಜು ಕವಿಯುತ್ತದೆ. ಅಂಥಲ್ಲಿ ಬೇಗನೆ ಹಿಂದಿರುಗುವವನೇ ಜಾಣ. ಹಿಂದಿರುಗಿದರೆ ಮಾನ ಹೋದೀತೆಂಬ ಹುಡುಗತನ ಅವನಲ್ಲಿ ಕಳೆದಿರುತ್ತದೆ, ಕಳೆದಿರಬೇಕು.

ಈ ಸೀಮೆಯ ನೀರನ್ನು ಕೂಡಿಸಿಕೊಂಡು ಸಕಲೇಶಪುರದ ಮೇಲೆ ಹರಿಯುವ ಹೇಮಾವತಿಯು ಗೊರೂರನ್ನು ಸೇರುತ್ತದೆ. ರಾಮಸ್ವಾಮಿ ಅಯ್ಯಂಗಾರ್ಯರಿಂದ ಹೆಸರಾದ ಆ ಊರಿನಲ್ಲಿಯೇ, 1951ರಲ್ಲಿ ಶಾಲಾ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದ ಜಿ. ಆರ್. ಗೋಪಿನಾಥರು ಬೆಳೆದರು. ಅವರ ಹೆಸರಿನ ಹಿಂದಣ ಕ್ಯಾಪ್ಟನ್ ಎಂಬುದನ್ನು ಅನೇಕರು ವಿಮಾನ ಚಾಲಕನ ಬಿರುದೆಂದು ಭಾವಿಸುವುದುಂಟು. ಅದು ಭೂಸೇನೆಯ ಪದವಿ. 1971ರ ಯುದ್ಧವನ್ನು ಕಂಡು, ಮೂವತ್ತು ತುಂಬುವ ಮೊದಲೇ ಅವರು ಸೇನೆಯನ್ನು ಬಿಟ್ಟರು. ಹೇಮಾವತಿಯ ಅಣೆಕಟ್ಟಿನಲ್ಲಿ ಮನೆತನದ ಭೂಮಿ ಮುಳುಗಿತು. ಆಲೂರಿನ ಕಡೆಯವರಿಗೆ ಆ ನೋವನ್ನು ವಿವರಿಸಿ ಹೇಳಬೇಕಾದುದಿಲ್ಲ. ಪರಿಹಾರವಾಗಿ ಬಂದುದು ಜಾವಗಲ್ಲಿನ ಬಳಿಯ ಬೆಂಗಾಡು. ಗುಡಾರ ಹಾಕಿಕೊಂಡು ಅಲ್ಲಿ ನೆಲೆಸಿ ತೆಂಗನ್ನೂ ರೇಷ್ಮೆಯನ್ನೂ ಬೆಳೆದರು; ಸಾವಯವ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪಾರಿತೋಷಕ ದೊರೆಯಿತು.

ಅದರ ಮರುವರ್ಷ, ನಲವತ್ತೈದು ದಾಟಿದ ಮೇಲೆ, ಸೇನೆಯಲ್ಲಿ ಹೆಲಿಕಾಪ್ಟರ್ ನಡೆಸಿದ್ದ ಕ್ಯಾಪ್ಟನ್ ಕೆ. ಜೆ. ಸ್ಯಾಮುಯೆಲ್ಲರೊಡನೆ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಸಂಸ್ಥೆಯನ್ನು ಕಟ್ಟಿದರು. ನೆಲೆಯಾದುದು ಬೆಂಗಳೂರಿನ ಜಕ್ಕೂರು. ಮೈಸೂರು ಸಂಸ್ಥಾನದ ಕಾಲದಲ್ಲಿ, 1948ರಲ್ಲಿ, ಹಾರಾಟದ ಶಾಲೆ ಹುಟ್ಟಿದ ಬಯಲು ಅದೇ. ಚಾಲಕನ ಪೀಠದಲ್ಲಿ ಕುಳಿತವರು ಬೇರೆಯವರು. ಆದರೂ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಆ ವಯಸ್ಸಿನಲ್ಲಿ ಯಂತ್ರ, ಇಂಧನ, ಪರವಾನಗಿಗಳ ಅಕ್ಷರಾಭ್ಯಾಸವನ್ನು ಮೊದಲಿನಿಂದ ಮಾಡಬೇಕಾಯಿತು. 2003ರಲ್ಲಿ ಏರ್ ಡೆಕ್ಕನ್ ಹಾರಿತು. ದೇಶದ ಮೊದಲ ಅಗ್ಗದ ವಿಮಾನ ಸಂಸ್ಥೆ ಅದು. ಕೆಲವು ಟಿಕೆಟುಗಳನ್ನು ಒಂದು ರೂಪಾಯಿಗೂ ಮಾರಿದರು. ರೈಲನ್ನೇ ನಂಬಿದ್ದ ಅನೇಕರು ಮೊದಲ ಬಾರಿಗೆ ವಿಮಾನವೇರಿದುದು ಹೀಗೆ.

ಇದರ ಉತ್ತರಾರ್ಧವನ್ನು ಹೇಳದೆ ಬಿಡುವುದು ನ್ಯಾಯವಲ್ಲ. ನಷ್ಟ ಬೆಳೆಯಿತು. 2008ರಲ್ಲಿ ಸಂಸ್ಥೆಯು ಕಿಂಗ್‌ಫಿಷರಿನೊಡನೆ ಲೀನವಾಯಿತು. 2012ರಲ್ಲಿ ಅದೂ ಹಾರಾಟ ನಿಲ್ಲಿಸಿತು. ಹೇಮಾವತಿಯು ಮುಳುಗಿಸಿದ ಹೊಲದ ಬದಲಿಗೆ ಜಾವಗಲ್ಲಿನ ತೋಟವೆದ್ದಿತ್ತು. ಏರ್ ಡೆಕ್ಕನ್ನಿನ ಬದಲಿಗೆ ಅಂಥದೇನೂ ಏಳಲಿಲ್ಲ. ಆದರೆ ಅಗ್ಗದ ದರದ ಹಾರಾಟವನ್ನು ಬೇರೆ ಸಂಸ್ಥೆಗಳು ಕೈಗೆತ್ತಿಕೊಂಡವು, ಅದು ಇಂದಿಗೂ ನಡೆಯುತ್ತಿದೆ.