ತೋಳವನ್ನು ದೂರುವ ಮುನ್ನ

(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ, ಅಕ್ಟೋಬರ್ 4)



ಸಂತ ಫ್ರಾನ್ಸಿಸರ ಹಬ್ಬ ಬಂತೆಂದರೆ ಗುಬ್ಬಿಯೋ ಪಟ್ಟಣದ ತೋಳದ ಕಥೆ ನಮಗೆಲ್ಲ ನೆನಪಾಗುತ್ತದೆ. ಜನರನ್ನು ಹೆದರಿಸಿದ್ದ ತೋಳವನ್ನು ಸಂತರು ಕೊಲ್ಲಿಸಲಿಲ್ಲ, ಸಹೋದರನೆಂದು ಕರೆದರು. ಅದರ ಕೇಡಿನ ಹಿಂದೆ ಹಸಿವಿದೆಯೆಂದು ಕಂಡುಕೊಂಡರು.

ಕುಷ್ಟಗಿ ಸೀಮೆಯ ನಮಗೆ ತೋಳ ಬರೀ ಕಥೆಯ ಪ್ರಾಣಿಯಲ್ಲ. ನಮ್ಮ ಜಿಲ್ಲೆಯ ಕುರಿಗಾಹಿಗಳು ಅದನ್ನು ಚೆನ್ನಾಗಿ ಬಲ್ಲರು. ಗಂಗಾವತಿ ಸೀಮೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ನೆಲವನ್ನು ಸರಕಾರ ತೋಳಗಳ ಧಾಮವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಇದೇ ಮೊದಲನೆಯದು. ಆದರೆ ತೋಳ ಧಾಮದ ಗಡಿಯನ್ನು ಅರಿಯದು. ಹೊಲ, ಗೋಮಾಳಗಳಲ್ಲೂ ಅದರ ಬಾಳು ನಡೆಯುತ್ತದೆ.

ಈ ಬಯಲು ದೇವರು ಕಟ್ಟಿದ ಒಂದು ಕುಟುಂಬ. ಹುಲ್ಲನ್ನು ನಂಬಿ ಕೃಷ್ಣಮೃಗ, ಮೊಲ. ಅವನ್ನು ನಂಬಿ ತೋಳ. ಅದೇ ಹುಲ್ಲನ್ನು ನಂಬಿ ಕುರಿ. ಕುರಿಯನ್ನು ನಂಬಿ ಕುರಿಗಾಹಿ. ಹೊಲದಲ್ಲಿ ತರುಬಿದ ಕುರಿಗಳ ಗೊಬ್ಬರವನ್ನು ನಂಬಿ ರೈತ. ಇಲ್ಲಿ ಒಬ್ಬರಿಗೆ ಬಂದ ಕಷ್ಟ ಒಬ್ಬರಲ್ಲೇ ನಿಲ್ಲುವುದಿಲ್ಲ.

ಬಳ್ಳಾರಿ ಜಾಲಿಯನ್ನೇ ನೋಡೋಣ. ಅಮೆರಿಕ ಖಂಡದ ಈ ಗಿಡ 1877ರಲ್ಲಿ ಭಾರತಕ್ಕೆ ಬಂತು. ಬರಕ್ಕೆ ಜಗ್ಗದು, ಸೌದೆಗಾಗುತ್ತದೆ ಎಂದು ಮನುಷ್ಯರೇ ಬೆಳೆಸಿದರು. ಅದರ ಸಿಹಿ ಕಾಯಿಗಳನ್ನು ಕುರಿ, ಮೇಕೆಗಳು ತಿನ್ನುತ್ತವೆ. ಅರಗದ ಬೀಜ ಹಿಕ್ಕೆಯೊಂದಿಗೆ ಬಿದ್ದಲ್ಲಿ ಮೊಳೆಯುತ್ತದೆ. ಪೊದೆ ದಟ್ಟವಾದಂತೆ ಕೆಳಗಿನ ಹುಲ್ಲು ಸೊರಗುತ್ತದೆ. ತಿಂದು ಹರಡಿದ ಕುರಿಗೇ ಮೇವು ಕಡಿಮೆಯಾಗುತ್ತದೆ. ಉಳಿದ ಬಯಲನ್ನು ನಾವು ಉತ್ತು, ಕೊಳವೆಬಾವಿ ಕೊರೆಯುತ್ತೇವೆ. ನೆಲೆ ಕಳೆದುಕೊಂಡ ಕೃಷ್ಣಮೃಗ ಬೆಳೆಗೆ ಇಳಿಯುತ್ತದೆ. ಬೇಟೆ ಸಿಗದ ತೋಳ ಕುರಿಹಟ್ಟಿಯ ಕಡೆ ತಿರುಗುತ್ತದೆ. ಕೊನೆಗೆ ಕಳ್ಳನೆಂಬ ಹೆಸರು ತೋಳಕ್ಕೆ!

ಹಾಗೆಂದು ಮರಿ ಕಳೆದುಕೊಂಡ ಕುರಿಗಾಹಿಯ ಕಣ್ಣೀರು ಸುಳ್ಳಲ್ಲ. ತಪ್ಪಿಹೋದ ಒಂದೇ ಕುರಿಯನ್ನು ಹುಡುಕಿ ಹೊರಟವನ ಸಾಮತಿ ಹೇಳಿದ ಯೇಸುಸ್ವಾಮಿಗೆ ಆ ನೋವು ಗೊತ್ತು. ನಷ್ಟವನ್ನೆಲ್ಲ ಆ ಬಡವನ ಹೆಗಲಿಗೆ ಹೊರಿಸಿ ನಾವು ಮಾತ್ರ ಸೃಷ್ಟಿಪ್ರೇಮದ ಮಾತಾಡಿದರೆ ಅದು ಧರ್ಮವಲ್ಲ. ಪರಿಹಾರದ ಅರ್ಜಿ ಬರೆಯಲು ನಮ್ಮ ಯುವಜನರು ಅವನಿಗೆ ನೆರವಾಗಲಿ. ಗೋಮಾಳವನ್ನು ಒತ್ತದಿರೋಣ. ಜಾಲಿಯನ್ನು ಸಸಿಯಿದ್ದಾಗಲೇ ಬೇರುಸಹಿತ ಕೀಳೋಣ. ಸತ್ತ ಕುರಿಗೆ ವಿಷ ಸವರದಿರೋಣ. ಆ ವಿಷ ತೋಳದೊಂದಿಗೆ ನರಿಯನ್ನೂ, ಹದ್ದನ್ನೂ, ಹಟ್ಟಿ ಕಾಯುವ ನಾಯಿಯನ್ನೂ ಕೊಲ್ಲುತ್ತದೆ.

ಗುಬ್ಬಿಯೋದಲ್ಲಿ ಬದಲಾದದ್ದು ತೋಳವೊಂದೇ ಅಲ್ಲ. ಊರಿನವರೂ ಬದಲಾದರು, ದಿನವೂ ಅದಕ್ಕೆ ಉಣಿಸುವ ಮಾತು ಕೊಟ್ಟರು. ನಾವು ಕೊಡಬೇಕಾದ ಮಾತು ಹುಲ್ಲಿನದು. ತೋಳವನ್ನು ದೂರುವ ಮುನ್ನ ಕಾಲಡಿಯ ನೆಲವನ್ನು ನೋಡುವ ಕಣ್ಣನ್ನು ಸಂತ ಫ್ರಾನ್ಸಿಸರ ಬಿನ್ನಹದಿಂದ ದೇವರು ನಮಗೆ ದಯಪಾಲಿಸಲಿ. ಆಮೆನ್.