ತೆಳು ತಗಡಿನ ಅಗಲದ ಪ್ರಶ್ನೆ



ಆಂಟೆನಾ ಎಂದೊಡನೆ ಮಾಳಿಗೆಯ ಮೇಲಿನ ಕಡ್ಡಿಗಳು ಕಣ್ಣಿಗೆ ಕಟ್ಟುತ್ತವೆ. ನಾನಿಂದು ಹೇಳಹೊರಟಿರುವುದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಚಪ್ಪಟೆಯಾದ ಮೈಕ್ರೋಸ್ಟ್ರಿಪ್ ಆಂಟೆನಾವನ್ನು ಕುರಿತು. ಕನ್ನಡದ ಅಧ್ಯಾಪಕನಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ನಮ್ಮ ಮಾತನ್ನು ಹೊತ್ತೊಯ್ಯುವ ಸಾಧನದ ಮರ್ಮವನ್ನು ನಮ್ಮ ಮಾತಿನಲ್ಲಿ ಹೇಳಲಾಗದಿದ್ದರೆ ಆ ಕೊರತೆ ಭಾಷೆಯದಲ್ಲ, ನಮ್ಮದು.

ಇದರ ರಚನೆ ಸರಳ. ವಿದ್ಯುತ್ತನ್ನು ಹರಿಯಗೊಡದ ಹಾಳೆಯೊಂದರ ಅಡಿಯಲ್ಲಿ ತಾಮ್ರದ ತಗಡು. ಮೇಲೆ ಆಯತಾಕಾರದ ತಾಮ್ರದ ತುಣುಕು. ಅದರ ಉದ್ದ, ಹಾಳೆಯೊಳಗಿನ ತರಂಗದೂರದ ಸುಮಾರು ಅರ್ಧ. 1953ರಲ್ಲಿ ಡೆಶಾಂ ಸೂಚಿಸಿದ ಈ ಕಲ್ಪನೆಗೆ 1970ರ ದಶಕದಲ್ಲಿ ಮನ್ಸನ್ ಮತ್ತು ಹೋವೆಲ್ ಬಳಕೆಯ ರೂಪ ಕೊಟ್ಟರು.

ಆದರೆ ತೆಳುವಾಗಿರುವುದೇ ಇದರ ಗುಣ, ಅದೇ ಇದರ ದೋಷ. ಶಕ್ತಿಯ ಬಹುಪಾಲು ಎರಡು ತಗಡುಗಳ ನಡುವೆ ಸೆರೆಯಾಗಿ, ಅಂಚುಗಳಿಂದ ಹೊರಸೂಸುವುದು ಅಲ್ಪವಾಗುತ್ತದೆ. ಒಂದೇ ಶ್ರುತಿಗೆ ಬಿಗಿದ ತಂಬೂರಿಯ ತಂತಿಯಂತೆ ಅದು ಒಂದು ಆವೃತ್ತಿಯ ಆಸುಪಾಸಿನಲ್ಲಿ ಮಾತ್ರ ಮಿಡಿಯುತ್ತದೆ. ಸಾಮಾನ್ಯವಾಗಿ ಅದರ ಪಟ್ಟಿಯ ಅಗಲ ಶೇಕಡಾ ಕೆಲವೇ ಅಂಶ. ವೈಫೈಗೆ ಬೇಕಾದ 5.15ರಿಂದ 5.85 ಗಿಗಾಹರ್ಟ್ಸ್‌ವರೆಗಿನ ಹರವಾದರೋ ಶೇಕಡಾ 12ನ್ನು ಮೀರುತ್ತದೆ. ಪ್ರಶ್ನೆ ಇರುವುದು ಇಲ್ಲಿ.

ಹಾಳೆಯನ್ನು ದಪ್ಪಗೊಳಿಸಿದರೆ ಅಗಲ ಹೆಚ್ಚುತ್ತದೆ. ಆದರೆ ದಪ್ಪ ಹಾಳೆಯ ವಿದ್ಯುತ್ ಗುಣಾಂಕವೂ ಹೆಚ್ಚಾಗಿದ್ದರೆ ಅಲೆಗಳು ಆಕಾಶಕ್ಕೇರದೆ ಹಾಳೆಯಲ್ಲೇ ಅಡ್ಡ ಹರಿದು ಪೋಲಾಗುತ್ತವೆ. ಆದುದರಿಂದ ಹಾಳೆಯ ಬದಲು ನೊರೆಯಂಥ ಹಗುರ ವಸ್ತುವನ್ನೋ ಬರಿಯ ಗಾಳಿಯನ್ನೋ ಇಡುತ್ತಾರೆ. ಆಗ ಶಕ್ತಿಯೂಡುವ ಸಲಾಕೆ ಉದ್ದವಾಗಿ, ಅದರ ಪ್ರೇರಕತ್ವವೇ ಹೊಂದಾಣಿಕೆಯನ್ನು ಕೆಡಿಸುತ್ತದೆ. 1995ರಲ್ಲಿ ಹ್ಯುನ್ ಮತ್ತು ಲೀ ತುಣುಕಿನಲ್ಲಿ ‘ಯು’ ಆಕಾರದ ಸೀಳನ್ನು ಕೊರೆದು ಇದಕ್ಕೆ ಪರಿಹಾರ ಕಂಡರು. ಸೀಳು ಆ ಪ್ರೇರಕತ್ವವನ್ನು ತಗ್ಗಿಸುತ್ತದೆ. ಜೊತೆಗೆ ಮತ್ತೊಂದು ಅನುರಣನವನ್ನು ಹುಟ್ಟಿಸುತ್ತದೆ. ಎರಡು ಶ್ರುತಿಗಳು ನೆರೆಹೊರೆಯಾಗಿ ಕೂಡಿದಾಗ ಪಟ್ಟಿ ಶೇಕಡಾ 30ರ ಸುಮಾರಿಗೂ ಹಿಗ್ಗಬಲ್ಲದು. ಮುಂಬಯಿಯ ಗಿರೀಶ್ ಕುಮಾರ್ ಮತ್ತು ಕೆ. ಪಿ. ರೇ ಇಂಥ ವಿಧಾನಗಳ ಬಗ್ಗೆ 2003ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ.

ಇಲ್ಲಿ ಒಂದು ಎಚ್ಚರ ಅವಶ್ಯ. ಶಕ್ತಿಯನ್ನು ನುಂಗುವ ಅಗ್ಗದ ಹಾಳೆಯನ್ನು ಬಳಸಿದರೂ ಅಗಲ ಹೆಚ್ಚಿದಂತೆ ತೋರುತ್ತದೆ. ಉಪಕರಣ ಅಳೆಯುವುದು ಹಿಂದಿರುಗಿದ ಶಕ್ತಿಯನ್ನು ಮಾತ್ರ. ಹಿಂದಿರುಗದ್ದೆಲ್ಲ ಹೊರಸೂಸಿತೆಂದಲ್ಲ, ಶಾಖವಾಗಿಯೂ ಹೋಗಿರಬಹುದು. ಸರಿಯಾಗಿ ಹೊಂದಿಸಿದ ಒಂದು ರೋಧಕ ಎಲ್ಲ ಆವೃತ್ತಿಗಳನ್ನೂ ಸ್ವೀಕರಿಸುತ್ತದೆ, ಆದರೆ ಯಾರಿಗೂ ಏನನ್ನೂ ತಲುಪಿಸುವುದಿಲ್ಲ. ಹೀಗಾಗಿ ವಿನ್ಯಾಸಕಾರನು ಅಗಲದೊಡನೆ ದಕ್ಷತೆಯನ್ನೂ ಅಳೆಯಬೇಕು. ಪಡೆದುಕೊಂಡದ್ದು ಎಷ್ಟು ಎಂಬುದಕ್ಕಿಂತ ಹೊರಗೆ ಕೊಟ್ಟದ್ದು ಎಷ್ಟು ಎಂಬುದೇ ಆಂಟೆನಾದ ನಿಜವಾದ ಪರೀಕ್ಷೆ.